ಮೂವತ್ತೊಂದನೇ ಆಟದ ಬಾಗಿಲು

"ಆಟ ಚೆನ್ನಾಗಿದೆ. ಕೊನೆಯ ಬಾಗಿಲು ತೆರೆಯುವುದಿಲ್ಲ. ಬೇಡ."

ಇದನ್ನು ಬರೆದವಳು ನಾನೇ. ನೀಲಿ ಇಂಕಿನಲ್ಲಿ, ನನ್ನ ಎಂದಿನ ಗುಂಡು ಅಕ್ಷರದಲ್ಲಿ, ದಿನಾಂಕ ಮತ್ತು ಸಹಿ ಸಮೇತ. ಸೋಮವಾರ ಬರೆದ ಆ ಹಾಳೆ ಶನಿವಾರ ಬೆಳಿಗ್ಗೆ ಡಾಕ್ಟರ ಮೇಜಿನ ಮೇಲೆ, ಭೂತಗನ್ನಡಿಯ ಕೆಳಗೆ ಸಿಕ್ಕಿತು. ಮೇಜಿನ ಮೇಲೆ ಬೇರೆ ಏನೂ ಇರಲಿಲ್ಲ. ಬೆಸುಗೆ ಕಡ್ಡಿ ಇಲ್ಲ, ಸ್ಕ್ರೂಗಳ ಡಬ್ಬಿ ಇಲ್ಲ, ಹಿಡಿ ಮುರಿದ ಕಾಫಿ ಲೋಟವೂ ಇಲ್ಲ. ನನ್ನ ಸಹಿಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಮಾತ್ರ ಹೊಸದಾಗಿ ಸೇರಿತ್ತು.

"ಸರಿ. ಅರ್ಥವಾಯಿತು."

ನನಗೆ ಏನೂ ಅರ್ಥವಾಗಲಿಲ್ಲ.

ಡಾಕ್ಟರು ಎಂದರೆ ಮನುಷ್ಯರ ಡಾಕ್ಟರಲ್ಲ. ನಾವು ಕೆಲಸ ಮಾಡುವ ಸಂಗ್ರಹದಲ್ಲಿ ಇರುವುದೆಲ್ಲ ಹಳೆಯ ವಿಡಿಯೋ ಗೇಮ್ ಕನ್ಸೋಲ್‌ಗಳು. ಮೂವತ್ತು ನಲವತ್ತು ವರ್ಷದ ಹಿಂದೆ ಮಕ್ಕಳು ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಪೆಟ್ಟಿಗೆಗಳು. ಅವು ಸತ್ತರೆ ನಾಡಿ ಹಿಡಿದು ಬದುಕಿಸುವವರು ಅವರು. ಅದಕ್ಕೇ ಆ ಹೆಸರು.

ನನ್ನ ಕೆಲಸ ಆರಿಸುವುದು. ಕಂಪನಿಗಳು ಎಂದೋ ಕೈಬಿಟ್ಟ ಈ ಯಂತ್ರಗಳಿಗೆ ಇವತ್ತಿಗೂ ಹೊಸ ಆಟ ಬರೆಯುವ ಹುಚ್ಚರಿದ್ದಾರೆ. ಮನೆಯಲ್ಲೇ ಕೂತು, ತಾವೇ ಚಿತ್ರ ಬರೆದು, ತಾವೇ ಸಂಗೀತ ಕೂಡಿಸಿ, ಯಂತ್ರಕ್ಕೆ ಸಿಕ್ಕಿಸುವ ಹಳೆಯ ಕಾರ್ಟ್ರಿಡ್ಜ್ ಡಬ್ಬಿಯೊಂದನ್ನು ಬಿಚ್ಚಿ ಅದರೊಳಗೆ ತುಂಬಿ ಕಳಿಸುತ್ತಾರೆ. ಹೋಮ್‌ಬ್ರೂ ಎನ್ನುತ್ತಾರೆ ಇವನ್ನು. ಈ ವರ್ಷ ಅಂಥ ನಲವತ್ತೇಳು ಆಟ ಬಂದಿದ್ದವು. ಶೆಲ್ಫಿನಲ್ಲಿ ಇದ್ದದ್ದು ಹನ್ನೆರಡು ಜಾಗ. ಪಕ್ಷಪಾತ ಆಗಬಾರದೆಂದು ಸಂಗ್ರಹದ ಯಜಮಾನರು ಹೆಸರು ಮುಚ್ಚಿ, ಬರೀ ನಂಬರು ಹಾಕಿ ನನಗೆ ಕೊಡುತ್ತಿದ್ದರು. ನಾನು ಆಡಿ, ಹಾಳೆ ತುಂಬಿ, ಕೊನೆಯಲ್ಲಿ "ಬೇಕು" ಅಥವಾ "ಬೇಡ" ಎಂದು ಬರೆಯಬೇಕು. ಹಾಳೆ ಲಕೋಟೆಯಲ್ಲಿ ಆಟದ ಕರ್ತೃವಿಗೆ ಹೋಗುತ್ತಿತ್ತು.

ಡಾಕ್ಟರು ನನ್ನನ್ನು ಕರೆಯುತ್ತಿದ್ದುದೇ ಪರೀಕ್ಷಕರೇ ಎಂದು. ಬೆಳಿಗ್ಗೆ ಬಾಗಿಲಲ್ಲಿ ತಲೆ ಹಾಕಿ, ಇವತ್ತು ಎಷ್ಟು ಜನ ಫೇಲು ಎಂದು ಕೇಳದೆ ಅವರ ದಿನ ಶುರುವಾಗುತ್ತಿರಲಿಲ್ಲ. ಒಂದು ಕಣ್ಣಿಗೆ ಸಿಕ್ಕಿಸಿದ ಲೆನ್ಸನ್ನು ತೆಗೆಯಲು ಮರೆತು ಹಾಗೇ ನನ್ನತ್ತ ತಿರುಗುತ್ತಿದ್ದರು. ಗಾಜಿನ ಹಿಂದೆ ಆ ಕಣ್ಣು ಕಿತ್ತಳೆ ಹಣ್ಣಿನಷ್ಟಾಗಿ ಕಾಣುತ್ತಿತ್ತು.

"ಹಾಗೆ ನೋಡ್ಬೇಡಿ," ಎಂದಿದ್ದೆ ಒಮ್ಮೆ.

"ಹೇಗೆ?"

"ಸರ್ಕ್ಯೂಟ್ ನೋಡೋ ಹಾಗೆ."

"ಸರ್ಕ್ಯೂಟನ್ನ ಇಷ್ಟು ಹೊತ್ತು ನೋಡಲ್ಲ ನಾನು."

ಅಂದು ಸಂಜೆಯವರೆಗೆ ಒಂದೇ ಆಟವನ್ನು ನಾಲ್ಕು ಸಲ ಆಡಿದರೂ ಅದರ ಕಥೆ ನನ್ನ ತಲೆಗೆ ಹತ್ತಲಿಲ್ಲ. ಮೂರು ವರ್ಷ ಹೀಗೇ ಕಳೆದವು. ಅವರು ಆಡಿದ್ದೆಲ್ಲ ತಮಾಷೆಯೋ, ತಮಾಷೆಯ ಸೆರಗಿನಲ್ಲಿ ಕಟ್ಟಿಟ್ಟ ಬೇರೇನೋ, ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಕೇಳಿ ಅಲ್ಲವೆಂದರೆ ಮರುದಿನ ಅದೇ ಬಾಗಿಲಲ್ಲಿ ಅದೇ ತಲೆ ಕಾಣುವುದಿಲ್ಲವಲ್ಲ. ನನ್ನ ಅಕ್ಕನಂತೂ, ನೀನು ಗಂಡನ್ನೂ ಹಾಳೆ ತುಂಬಿಯೇ ಒಪ್ಪುವವಳು ಎಂದು ಆಡಿಕೊಳ್ಳುತ್ತಿದ್ದಳು.

ಹಾಳೆ ಹಿಡಿದು ಯಜಮಾನರ ಕೋಣೆಗೆ ಹೋದೆ. ಡಾಕ್ಟರು ನಿನ್ನೆ ಸಂಜೆಯೇ ಬೀಗದ ಕೈ ಒಪ್ಪಿಸಿ ಹೋದರೆಂದು ಅವರು ಹೇಳಿದರು. ದೂರದ ಊರಿನ ಕಾರ್ಖಾನೆಯೊಂದು ಆಸ್ಪತ್ರೆಯ ಯಂತ್ರಗಳ ರಿಪೇರಿಗೆ ಎರಡು ತಿಂಗಳಿಂದ ಕರೆಯುತ್ತಿತ್ತಂತೆ. ಇವರು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ತಳ್ಳುತ್ತಿದ್ದವರು ಬುಧವಾರ ಇದ್ದಕ್ಕಿದ್ದಂತೆ ಒಪ್ಪಿಕೊಂಡರಂತೆ. ಇವತ್ತು ಮಧ್ಯಾಹ್ನ ಒಂದೂವರೆಗೆ ಬಸ್ಸು.

"ನಿನಗೆ ಹೇಳಿರ್ತಾನೆ ಅಂದ್ಕೊಂಡೆ," ಎಂದರು ಯಜಮಾನರು. "ಮೊದಲು ನಿನಗೆ ತಾನೆ ಎಲ್ಲಾ ಹೇಳೋದು."

ಹಾಳೆಯನ್ನು ಅವರ ಮುಂದೆ ಇಟ್ಟು, ಈ ಮೂವತ್ತೊಂದನೇ ನಂಬರು ಯಾರ ಆಟ ಎಂದು ಕೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಪೆನ್ಸಿಲಿನ ಸಾಲನ್ನು ಓದಿದರು. ನನ್ನ ಮುಖ ನೋಡಿದರು.

"ಇನ್ನು ಮುಚ್ಚಿಟ್ಟು ಏನು ಮಾಡೋದು. ಅವನದೇ."

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು. ಡಾಕ್ಟರ ಫೋನಿಗೆ ಆರು ಸಲ ಹಚ್ಚಿದೆ. ಆರು ಸಲವೂ ಸ್ವಿಚ್ ಆಫ್.

ನನ್ನ ಮೇಜಿಗೆ ಬಂದು ಕೂತೆ. ತಲೆ ಒಂದೇ ಪ್ರಶ್ನೆಗೆ ಅಂಟಿಕೊಂಡಿತ್ತು. ಕನ್ಸೋಲಿನ ತಳದಲ್ಲಿ, ಯಾರೂ ನೋಡದ ಕಡೆ ಒಂದು ಸ್ಕ್ರೂ ಸಡಿಲವಿದ್ದರೂ ನಿದ್ದೆ ಬಾರದ ಮನುಷ್ಯ ಅರ್ಧಂಬರ್ಧ ಆಟ ಕಳಿಸುವುದು ಹೇಗೆ? ಆ ಆಟ ನನಗೆ ಚೆನ್ನಾಗಿ ನೆನಪಿತ್ತು. ದೀಪ ಹಿಡಿದ ಪುಟ್ಟ ಮನುಷ್ಯನೊಬ್ಬ ಕೋಣೆಯಿಂದ ಕೋಣೆಗೆ ನಡೆಯುತ್ತಾನೆ. ಇಡೀ ಆಟದಲ್ಲಿ ಒಂದೇ ಒಂದು ಅಕ್ಷರವಿಲ್ಲ, ಎಲ್ಲ ಚಿತ್ರದಲ್ಲೇ. ಒಂದು ಕೋಣೆಯಲ್ಲಿ ಭೂತಗನ್ನಡಿ ಇಟ್ಟ ಮೇಜು. ಇನ್ನೊಂದರಲ್ಲಿ ಒಂದು ಕಾಲು ಗಿಡ್ಡಾದ ಸ್ಟೂಲು. ಆ ಸ್ಟೂಲಿನ ಮೇಲೆ ನಾನೇ ಕೂತಿದ್ದೆ. ಮೂರು ದಿನ ಅದರ ಮೇಲೆ ಕೂತು ಅದೇ ಸ್ಟೂಲನ್ನು ಪರದೆಯಲ್ಲಿ ನೋಡಿದರೂ ಗುರುತು ಹತ್ತಲಿಲ್ಲವಲ್ಲ. ಕೊನೆಯ ಕೋಣೆಯಲ್ಲಿ ಬಾಗಿಲು. ಅದರ ಕೀಲಿಯನ್ನು ನಾನು ಹುಡುಕದ ಮೂಲೆಯಿಲ್ಲ.

ಆಗ ಕಣ್ಣು ತಗಡಿನ ಡಬ್ಬಿಯ ಮೇಲೆ ಬಿತ್ತು. ತೆಗೆದ ಬ್ಯಾಟರಿಗಳನ್ನು ಹಾಕುವ ಡಬ್ಬಿ. ಎಲ್ಲಕ್ಕಿಂತ ಮೇಲಿದ್ದುದಕ್ಕೆ ನಾನೇ ಚೀಟಿ ಅಂಟಿಸಿದ್ದೆ. ಮೂವತ್ತೊಂದು.

ಈ ಕಾರ್ಟ್ರಿಡ್ಜ್‌ಗಳಲ್ಲಿ ಆಟ ಬೇರೆ ಚಿಪ್ಪಿನಲ್ಲಿರುತ್ತದೆ, ಆಡಿದವರು ಎಲ್ಲಿಯವರೆಗೆ ಬಂದರೆಂಬ ನೆನಪು ಬೇರೆ ಚಿಪ್ಪಿನಲ್ಲಿ. ಆಟ ಅಳಿಯುವುದಿಲ್ಲ. ನೆನಪನ್ನು ಮಾತ್ರ ಅಂಗಿಯ ಗುಂಡಿಯಷ್ಟು ದೊಡ್ಡ ಬ್ಯಾಟರಿಯೊಂದು ವರ್ಷಗಟ್ಟಲೆ ಹಿಡಿದಿಟ್ಟುಕೊಂಡಿರುತ್ತದೆ. ಬ್ಯಾಟರಿ ಕಳಚಿದ ಕ್ಷಣ ಅದು ಹೋಯಿತು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಡಾಕ್ಟರು ಕಲಿಸಿದ ಮೊದಲ ಪಾಠ ಇದೇ.

"ಮೊದಲು ಸೇವ್ ಕಾಪಿ ಮಾಡ್ಕೊಳ್ಳಿ, ಆಮೇಲೆ ಬ್ಯಾಟರಿಗೆ ಕೈ ಹಾಕಿ. ಯಾರೋ ಚಿಕ್ಕವರಿದ್ದಾಗ ಊಟ ಬಿಟ್ಟು ಆಡಿ ತಲುಪಿದ ಜಾಗ ಅದು. ಅಳಿಸೋಕೆ ನಾವ್ಯಾರು?"

ಮುನ್ನೂರಕ್ಕೂ ಹೆಚ್ಚು ಕಾರ್ಟ್ರಿಡ್ಜ್‌ಗಳಿಗೆ ಆ ಪಾಠವನ್ನು ತಪ್ಪದೆ ಪಾಲಿಸಿದ್ದೇನೆ. ಮೂವತ್ತೊಂದನ್ನು ಬಿಚ್ಚಿದಾಗ ಬ್ಯಾಟರಿಯ ಅಂಚಿನಲ್ಲಿ ಬಿಳಿ ಪುಡಿ ಕಂಡಿತು. ಬಿಟ್ಟರೆ ಬೋರ್ಡನ್ನೇ ತಿಂದುಹಾಕುವ ಪುಡಿ. ಹೊಸ ಆಟ, ಇನ್ನೂ ಯಾರೂ ಆಡಿಲ್ಲ, ಇದರಲ್ಲಿ ಯಾರ ಸೇವ್ ಇರುತ್ತದೆ ಎಂದುಕೊಂಡು ಆಗಲೇ ಕಿತ್ತು ಹೊಸದನ್ನು ಹಾಕಿದೆ. ಆಮೇಲೆ ಆಟ ಹಚ್ಚಿದಾಗ ಪರದೆಯಲ್ಲಿ ಉರಿಯದ ದೀಪವೊಂದೇ ಬಂತು. ಹೊಸದಾಗಿ ಶುರು ಮಾಡು ಎಂದು ಅರ್ಥ. ಪಕ್ಕದಲ್ಲಿ ಉರಿಯುವ ದೀಪವೂ ಇರಬೇಕಿತ್ತು. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿ ಎಂದು.

ಅವರು ಕೀಲಿಯನ್ನು ಆ ಪುಟ್ಟ ಮನುಷ್ಯನ ಕೈಗೆ ಕೊಟ್ಟು, ಬಾಗಿಲ ಮುಂದೆ ನಿಲ್ಲಿಸಿ, ಸೇವ್ ಮಾಡಿ ಕಳಿಸಿದ್ದರು. ನಾನು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು.

ಅಳು ಬಂತು. ಅಳಲು ಸಮಯವಿರಲಿಲ್ಲ. ಬಾಗಿಲಿನ ಆಚೆ ಏನಿತ್ತು? ಅದನ್ನು ತಿಳಿಯದೆ ಓಡಿಹೋಗಿ ಅವರಿಗೆ ಏನು ಹೇಳಲಿ? ಅದು ನಾನು ಅಂದುಕೊಂಡದ್ದೇ ಅಲ್ಲದಿದ್ದರೆ?

ಆಟದ ಚಿಪ್ಪನ್ನು ಮಾತ್ರ ನಿಯಮದಂತೆ ಕಂಪ್ಯೂಟರಿಗೆ ಕಾಪಿ ಮಾಡಿಟ್ಟಿದ್ದೆ. ತೆರೆದೆ. ಈ ಹಳೆಯ ಯಂತ್ರಗಳಲ್ಲಿ ಚಿತ್ರಗಳೆಲ್ಲ ಸಣ್ಣ ಚೌಕಗಳಾಗಿ, ಅಂಗಡಿಯ ಬಟ್ಟೆ ತುಂಡುಗಳ ಹಾಗೆ ಒಂದು ಹಾಳೆಯಲ್ಲಿ ಜೋಡಿಸಿರುತ್ತವೆ. ಆಟ ಬೇಕಾದ್ದನ್ನು ಎತ್ತಿ ಪರದೆಗೆ ಅಂಟಿಸುತ್ತದೆ. ಗೋಡೆಯ ತುಂಡು, ದೀಪದ ತುಂಡು, ಸ್ಟೂಲಿನ ಗಿಡ್ಡ ಕಾಲು, ಎಲ್ಲ ಕಂಡವು. ಕೊನೆಯ ಸಾಲಿಗೆ ಬಂದೆ. ಅಕ್ಷರವೇ ಇಲ್ಲದ ಆಟದಲ್ಲಿ ಅಕ್ಷರಗಳಿದ್ದವು.

ಇ. ರ. ಲಾ. ಲ್ಲೇ. ಒಂದು ಪ್ರಶ್ನಾರ್ಥಕ ಚಿಹ್ನೆ. ಅದರ ಪಕ್ಕ, ಅಂಚಿಗೆ ತೆಳು ಗೆರೆ ಎಳೆದ ಖಾಲಿ ಚೌಕ.

ವಾಕ್ಯವಾಗಿ ಅಲ್ಲ, ಬಿಡಿಬಿಡಿಯಾಗಿ, ನಿಘಂಟಿನ ಕ್ರಮದಲ್ಲಿ. ಜಾಗ ಉಳಿಸಲು ಒಂದು ಅಕ್ಷರವನ್ನು ಒಂದೇ ಸಲ ಬರೆಯುತ್ತಾರೆ, ಎಷ್ಟು ಸಲ ಬೇಕಾದರೂ ಬಳಸುತ್ತಾರೆ. ಎಂಟು ಚುಕ್ಕಿ ಅಗಲದ ಚೌಕದಲ್ಲಿ "ಲ್ಲೇ" ಕೂರಿಸುವುದು ಹುಡುಗಾಟವಲ್ಲ. ಒತ್ತಿಗೆ ಜಾಗ ಸಾಲದೆ ಅವರು ಎಷ್ಟು ಸಲ ಅಳಿಸಿರಬೇಕು. ಪೆನ್ನು ತೆಗೆದು ಅಂಗೈ ಮೇಲೆ ಜೋಡಿಸಿದೆ. ಮೊದಲು "ಇಲ್ಲೇ" ಸಿಕ್ಕಿತು. ಉಳಿದದ್ದು "ರಲಾ". ಅದೇನು ಮಾತು? ಮತ್ತೆ ನೋಡಿದೆ. "ಇ" ಇನ್ನೊಮ್ಮೆ ಬಂದರೆ?

ಇಲ್ಲೇ ಇರಲಾ?

ಮನುಷ್ಯ ಮೂರು ವರ್ಷದ ಮಾತನ್ನು ಐದು ಚೌಕದಲ್ಲಿ ಕೇಳಿದ್ದ. ನಾನು ದಿನಾಂಕ ಹಾಕಿ, ಸಹಿ ಮಾಡಿ ಉತ್ತರ ಕೊಟ್ಟಿದ್ದೆ. ಬಾಗಿಲು ತೆರೆಯುವುದಿಲ್ಲ. ಬೇಡ.

ಹನ್ನೆರಡು ನಲವತ್ತು. ಕಾರ್ಟ್ರಿಡ್ಜನ್ನು ಚೀಲಕ್ಕೆ ಹಾಕಿಕೊಂಡು ಓಡಿದೆ. ಸಿಟಿ ಬಸ್ಸು ಎರಡನೇ ಸಿಗ್ನಲ್ಲಿನಲ್ಲಿ ನಿಂತದ್ದು ಅಲುಗಲಿಲ್ಲ. ಮುಂದೆ ಲಾರಿಯೊಂದು ಅಡ್ಡ ಸಿಕ್ಕಿಕೊಂಡಿದೆಯಂತೆ. ಇಳಿದು ನಡೆದೆ, ಆಮೇಲೆ ಓಡಿದೆ. ಬಲಗಾಲಿನ ಚಪ್ಪಲಿಯ ಪಟ್ಟಿ ಕಿತ್ತು ಹೋಯಿತು. ಎರಡನ್ನೂ ಕೈಯಲ್ಲಿ ಹಿಡಿದುಕೊಂಡೆ. ಸಿಮೆಂಟ್ ಕಾದು ಕೆಂಡವಾಗಿತ್ತು. ದಾರಿಯುದ್ದಕ್ಕೂ ಒಂದೇ ಹಾಳು ಲೆಕ್ಕಾಚಾರ ತಲೆಯಲ್ಲಿ ಕೊರೆಯುತ್ತಿತ್ತು. ಮಂಗಳವಾರ ಲಕೋಟೆ ಅವರ ಕೈ ಸೇರಿದೆ. ಬುಧ, ಗುರು, ಶುಕ್ರ, ಮೂರು ದಿನ ಅವರು ನನ್ನ ಪಕ್ಕದ ಕೋಣೆಯಲ್ಲೇ ಇದ್ದರು. ಎಷ್ಟು ಜನ ಫೇಲು ಎಂದು ಕೇಳಲು ಬರಲಿಲ್ಲ. ಕೆಲಸ ಜಾಸ್ತಿ ಇರಬೇಕೆಂದು ನಾನು ಸುಮ್ಮನಿದ್ದೆ. ಗೋಡೆಯ ಆಚೆ ಒಬ್ಬ ಮನುಷ್ಯ ಮೂರು ವರ್ಷವನ್ನು ಮಡಚಿ ಪೆಟ್ಟಿಗೆಗೆ ತುಂಬುತ್ತಿದ್ದ.

ನಿಲ್ದಾಣ ಮುಟ್ಟಿದಾಗ ಒಂದು ಇಪ್ಪತ್ತೆಂಟು. ಬಸ್ಸಿನ ಎಂಜಿನ್ ಶುರುವಾಗಿತ್ತು. ಬಾಗಿಲಲ್ಲಿ ನಿಂತ ಕಂಡಕ್ಟರು ನನ್ನ ಬರಿಗಾಲು ನೋಡಿ ಟಿಕೆಟ್ ಕೇಳಿದ. ಇಲ್ಲ ಎಂದು ಅವನ ತೋಳಿನ ಕೆಳಗಿಂದ ನುಸುಳಿದೆ.

ಐದನೇ ಸಾಲಿನಲ್ಲಿ, ಕಿಟಕಿಯ ಪಕ್ಕ, ಮಡಿಲಲ್ಲಿ ಸ್ಕ್ರೂ ಡಬ್ಬಿ ಹಿಡಿದು ಅವರು ಕೂತಿದ್ದರು. ನನ್ನನ್ನು ಕಂಡು ಅರ್ಧ ಎದ್ದರು. ಮತ್ತೆ ಕೂತರು. ಆ ಕಣ್ಣಿನಲ್ಲಿ ಲೆನ್ಸ್ ಇರಲಿಲ್ಲ, ಆದರೂ ಕಿತ್ತಳೆ ಹಣ್ಣಿನಷ್ಟೇ ದೊಡ್ಡದಾಗಿತ್ತು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಹಾರಿಹೋಯಿತು.

"ಬ್ಯಾಟರಿ ಬದಲಿಸಿಬಿಟ್ಟೆ," ಎಂದೆ.

ಪಕ್ಕದ ಸೀಟಿನ ಹೆಂಗಸು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ಲೋಕದಲ್ಲಿ ಈ ಮಾತು ಅರ್ಥವಾಗುವುದು ಒಬ್ಬರಿಗೆ ಮಾತ್ರ ಎಂದು. ಆ ಒಬ್ಬರ ಮುಖ ಬಿಳಿಚಿಕೊಂಡಿತು.

"ಸೇವ್?"

"ಕಾಪಿ ಮಾಡಿರಲಿಲ್ಲ."

"ನೀವು? ನೀವು ಕಾಪಿ ಮಾಡಿರಲಿಲ್ವಾ?"

"ಹೊಸ ಆಟ, ಯಾರ ಸೇವ್ ಇರುತ್ತೆ ಅಂದ್ಕೊಂಡೆ. ಅಂಚಲ್ಲಿ ಬಿಳಿ ಪುಡಿ ಬಂದಿತ್ತು."

"ಬಿಳಿ ಪುಡಿ ಬಂದಿದ್ರೆ ತೆಗೀಲೇಬೇಕು," ಎಂದರು ಅಭ್ಯಾಸಬಲದಿಂದ. ಆಮೇಲೆ ಆ ಮಾತು ಅವರಿಗೇ ಕೇಳಿಸಿತೇನೋ, ಡಬ್ಬಿಯ ಮೇಲಿನ ಕೈ ಸಡಿಲವಾಯಿತು. "ಹಾಗಾದ್ರೆ ಆ ಬೇಡ ಅಂದದ್ದು..."

"ಆಟಕ್ಕೆ. ನೀವು ಕೇಳಿದ್ದು ನನಗೆ ಕಾಣಿಸಿದ್ದೇ ಮುಕ್ಕಾಲು ಗಂಟೆ ಹಿಂದೆ. ಚಿತ್ರದ ಹಾಳೆ ಬಿಚ್ಚಿ ನೋಡ್ದೆ, ಕೊನೇ ಸಾಲು." ಅಂಗೈ ತೆರೆದು ತೋರಿಸಿದೆ. ಬೆವರಿಗೆ ಇಂಕು ಕಲೆಸಿತ್ತು, "ಲ್ಲೇ" ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಅವರು ಆ ಅಂಗೈಯನ್ನು ಬಹಳ ಹೊತ್ತು ನೋಡಿದರು. ಸರ್ಕ್ಯೂಟನ್ನು ಅಷ್ಟು ಹೊತ್ತು ನೋಡುವುದಿಲ್ಲ.

ಇಳಿಯುವವರು ಇಳಿಯಿರಿ ಎಂದು ಕಂಡಕ್ಟರು ಬಾಗಿಲಿಂದ ಕೂಗಿದ. ಬಸ್ಸು ಒಮ್ಮೆ ಮುಂದಕ್ಕೆ ಜಗ್ಗಿ ನಿಂತಿತು.

"ಕೊನೇಲಿ ಒಂದು ಚೌಕ ಖಾಲಿ ಬಿಟ್ಟಿದ್ದೀರಿ," ಎಂದೆ. "ಅದು ಯಾಕೆ ಅಂತ ಮಾತ್ರ ಗೊತ್ತಾಗ್ಲಿಲ್ಲ."

"ಅದು ನಿಮ್ಮ ಪಾಲಿನ ಅಕ್ಷರ." ಅವರ ದನಿ ಎಂಜಿನ್ನಿನ ಸದ್ದಿನಲ್ಲಿ ಮುಳುಗುತ್ತಿತ್ತು, ಬಗ್ಗಿ ಕೇಳಬೇಕಾಯಿತು. "ನೀವು ಇರಿ ಅಂದಿದ್ರೆ ಅಲ್ಲಿ ರಿ ಬರೀಬೇಕು ಅಂತಿದ್ದೆ."

"ರಿ ಬೇಡ."

ಬಾಯಿಂದ ಬಿದ್ದ ಮೇಲೆ ತಿಳಿಯಿತು, ಮತ್ತೆ ಅದೇ ಮಾತು ಆಡಿದ್ದೇನೆಂದು. ಅವರ ಮುಖ ಸೋಮವಾರದ ಹಾಳೆಯಂತಾಯಿತು. ಈ ಸಲ ಅವರಿಗೆ ಪೆನ್ಸಿಲ್ ಹುಡುಕಲು ಬಿಡುವಂತಿರಲಿಲ್ಲ. ಅವರ ಕೈಯಿಂದ ಡಬ್ಬಿಯನ್ನು ಕಸಿದುಕೊಂಡೆ.

"ರು," ಎಂದೆ. "ರು ಬರಿ. ಇಲ್ಲೇ ಇರು."

ಮೂರು ವರ್ಷದಲ್ಲಿ ಮೊದಲ ಸಲ ಆ ಮಾತಿನಲ್ಲಿ ನೀವು ಇರಲಿಲ್ಲ.

ಕಂಡಕ್ಟರು ಒಳಗೆ ಬಂದು ನಮ್ಮಿಬ್ಬರನ್ನೂ, ನನ್ನ ಕೈಯಲ್ಲಿದ್ದ ಚಪ್ಪಲಿ ಮತ್ತು ಡಬ್ಬಿಯನ್ನೂ ನೋಡಿದ.

"ಕೊನೇ ಸಲ ಕೇಳ್ತಿದ್ದೀನಿ. ಇಳಿಯೋರು ಎಷ್ಟು ಜನ?"

"ಇಬ್ಬರು," ಎಂದು ಎದ್ದು ನಿಂತ ಅವನು.