ಹನ್ನೊಂದು ಸಾವಿರ ಗುಂಜಿ

ಪರದೆಯ ಮೇಲಂಚಿನಲ್ಲಿ ಕೂತಿದ್ದ ಕಡಲೆಕಾಳಿನಷ್ಟು ಯಂತ್ರ ಒಮ್ಮೆ ಮಿನುಗಿತು. ದಾವಣಗೆರೆಯಲ್ಲಿ ಯಾರೋ ಒಬ್ಬರು ಮಂಡಿನೋವಿನ ಎಣ್ಣೆಯ ಜಾಹೀರಾತನ್ನು ನೋಡುತ್ತಿದ್ದರು. ಯಂತ್ರ ಅವರ ಕಣ್ಣಪಾಪೆಯನ್ನೂ ಉಸಿರಿನ ಏರಿಳಿತವನ್ನೂ ಅಳೆದು 'ಸೊನ್ನೆ' ಎಂದು ತೀರ್ಪಿತ್ತಿತು.

ಇದೇ ಅವಧಾನಮಾಪಕ. ಹಿಂದೆ ಜಾಹೀರಾತನ್ನು ಒತ್ತಿದರೆ ಸಾಕು, ಜಾಲತಾಣದ ಒಡೆಯನಿಗೆ ಹಣ ಬರುತ್ತಿತ್ತು. ಒಡೆಯರೇ ಕದ್ದುಮುಚ್ಚಿ ಒತ್ತಿ ಒತ್ತಿ ಆ ಪದ್ಧತಿಗೆ ಎಳ್ಳುನೀರು ಬಿಟ್ಟ ಮೇಲೆ ಈ ಯಂತ್ರ ಬಂತು. ಮನಸ್ಸು ನಿಜವಾಗಿ ನೆಟ್ಟರೆ ಮಾತ್ರ ಹಣ. ನೆಟ್ಟ ಮನಸ್ಸಿನ ಅಳತೆಗೆ 'ಗುಂಜಿ' ಎಂದು ಹೆಸರು.

ನಿವೃತ್ತ ಶಿರಸ್ತೇದಾರ ಸದ್ಯೋಜಾತಪ್ಪನವರ ಜಾಲತಾಣದಲ್ಲಿ ಆರುನೂರ ಹನ್ನೆರಡು ಲೇಖನಗಳಿದ್ದವು; ಎಲ್ಲದರ ಪಕ್ಕದಲ್ಲೂ ಆ ಎಣ್ಣೆಯಂಥ ಜಾಹೀರಾತು. 'ಕಡತ ವಿಲೇವಾರಿಯಲ್ಲಿ ಶಿಸ್ತು' ಎಂಬುದೊಂದೇ ಹದಿನಾಲ್ಕು ಕಂತು. ಪಿಂಚಣಿ ಬರುತ್ತಿದ್ದುದರಿಂದ ದುಡ್ಡಿಗೇನೂ ತತ್ವಾರವಿರಲಿಲ್ಲ. ತಮ್ಮನ್ನು ಒಬ್ಬರಾದರೂ ಓದುತ್ತಾರೆ ಎಂಬುದಕ್ಕೆ ಸಾಕ್ಷಿ ಬೇಕಿತ್ತು; ಗುಂಜಿಯೇ ಆ ಸಾಕ್ಷಿ ಎಂದುಕೊಂಡಿದ್ದರು. ಅದು ಸಿಗದೆ ಊರಿಗೆ ಊರನ್ನೇ ಕುರಿಮಂದೆ ಎಂದು ಹಳಿಯುತ್ತ ಒಳಗೊಳಗೇ ಬೇಯುತ್ತಿದ್ದರು.

ಮೂರು ತಿಂಗಳಾದರೂ ಒಂದು ಗುಂಜಿಯೂ ಹುಟ್ಟದಿದ್ದಾಗ ಅವರು ಅಟ್ಟದಿಂದ ಮುಯ್ಯಿ ಪುಸ್ತಕ ಇಳಿಸಿದರು. ಯಾರ ಯಾರ ಮದುವೆಗೆ ಮುಯ್ಯಿ ಮಾಡಿದ್ದರೋ ಆ ನೂರ ನಲವತ್ತು ಮನೆಗಳಿಗೂ ಫೋನ್ ಹೋಯಿತು.

"ದಿನಾ ಅರ್ಧ ಗಂಟೆ ನನ್ನ ಪುಟದ ಮುಂದೆ ಕುಂತ್ಕಳ್ರಪ್ಪ. ನಿಮ್ಮ ಮುಯ್ಯಿ ತೀರ್ತು ಅನ್ಕಂತೀನಿ."

ಮುಯ್ಯಿ ಉಳಿಸಿಕೊಂಡು ಸಾಯುವವರು ಆ ಬಳಗದಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಕೂತರು. ತಿಂಗಳ ಕೊನೆಗೆ ಹನ್ನೊಂದು ಸಾವಿರ ಗುಂಜಿ! ಸದ್ಯೋಜಾತಪ್ಪ ಇಸ್ತ್ರಿ ಅಂಗಿ ತೊಟ್ಟು, ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ಜುಲೇಖಾ ಅವರ ಪ್ರಯೋಗಾಲಯಕ್ಕೆ ಹೊಗಳಿಸಿಕೊಳ್ಳಲು ಹೋದರು.

"ನಮ್ಮೋರು ದಾಕ್ಷಿಣ್ಯಕ್ಕೆ ನೋಡಿದ್ದನ್ನೂ ನಿಮ್ಮ ಯಂತ್ರ ಎಣಿಸ್ತದೇನಮ್ಮ?"

"ಇಲ್ಲ ಸರ್. ದಾಕ್ಷಿಣ್ಯದ ನೋಟಾನ ಅದು ಸೋಸಿ ಬಿಸಾಕುತ್ತೆ."

"ಹಂಗಾದ್ರೆ ಜನ ನಿಜವಾಗ್ಲೂ ಮೆಚ್ಚಿದಾರೆ!"

"ಮೆಚ್ಚಿದ್ದು ಎಣ್ಣೇನ ಸರ್," ಎಂದರು ಜುಲೇಖಾ, ನಗು ತಡೆದುಕೊಂಡು. "ನಿಮ್ಮ ಬರಹ ನಾಕು ಸಾಲು ಓದೋದ್ರೊಳಗೆ ಕಣ್ಣು ತಪ್ಪಿಸ್ಕಳಾಕೆ ದಾರಿ ಹುಡುಕುತ್ತೆ. ಆಗ ಪಕ್ಕದಾಗೆ ಏನಿದ್ರೂ ಅಮೃತ. ಇದಕ್ಕೆ ಪಲಾಯನಾವಧಾನ ಅಂತ ಹೆಸರಿಟ್ಟಿದೀವಿ. ದೇಶದಾಗೆ ನೀವೇ ಮೊದಲು."

ಬೇರೆ ಯಾರಾದರೂ ಆಗಿದ್ದರೆ ಅಂದೇ ಅಂಗಡಿ ಮುಚ್ಚುತ್ತಿದ್ದರು. ನಮ್ಮ ಶಿರಸ್ತೇದಾರರು ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿ. ಮನೆಗೆ ಬಂದು "ಕುರಿಗಳಿಗೇನು ಗೊತ್ತು" ಎಂದು ಗೊಣಗಿ, ಹದಿನೈದನೆಯ ಕಂತು ಬರೆದರು. ಜಾಹೀರಾತು ಕಂಪನಿ ಇನ್ನೂ ಉದ್ದ ಬರೆಯಿರಿ ಎಂದು ಬೇಡಿಕೊಂಡಿತು. ಅವರು ಬರೆದರು.

ಒಂದು ಬೆಳಿಗ್ಗೆ ಕಂಪನಿಯ ಸೂಚನಾಪತ್ರ ಬಂತು: 'ಲೇಖನ 407ರಲ್ಲಿ ಜಾಹೀರಾತಿನ ಮೇಲೆ ಯಾರ ಗಮನವೂ ಬೀಳುತ್ತಿಲ್ಲ. ಸದರಿ ಲೇಖನವನ್ನು ತೆಗೆದುಹಾಕುವುದು.' ಪತ್ರ ಬಂದರೆ ಕ್ರಮ ಜರುಗಿಸುವುದು ಮೂವತ್ತು ವರ್ಷದ ಅಭ್ಯಾಸ. ಯಾಕೆಂದು ಯೋಚಿಸುವುದು ಅವರ ಹುದ್ದೆಗೆ ಸೇರಿರಲಿಲ್ಲ. 407 ಯಾವುದೆಂದು ತೆರೆದು ಕೂಡ ನೋಡದೆ, ಪ್ರತಿ ಉಳಿಸಿಕೊಳ್ಳದೆ ಅಳಿಸಿದರು.

ಮಾರನೆಯ ದಿನ ಊಟಕ್ಕೆ ಕೂತಾಗ ಹೆಂಡತಿ ಹಾಲಮ್ಮ ರೊಟ್ಟಿ ಹಾಕುತ್ತ ಕೇಳಿದರು.

"ರೀ, ಮದುವೆ ಹೊಸ್ತಿನಾಗೆ ಬಸ್‌ಸ್ಟ್ಯಾಂಡಲ್ಲಿ ನನ್ನ ಚಪ್ಲಿ ಕಿತ್ತೋಗಿ, ನಿಮ್ಮವು ನಂಗೆ ಕೊಟ್ಟು ಬಿಸ್ಲಾಗೆ ಕುಣ್ಕಂತ ಬಂದಿದ್ರಲ್ಲ, ಅದನ್ನ ಬರ್ದಿದ್ರಿ. ದಿನಾ ಕೆಲಸ ಮುಗಿದ ಮ್ಯಾಲೆ ಒಂದ್ಸಲ ಓದ್ಕಂತಿದ್ದೆ. ನಿನ್ನೆಯಿಂದ ಕಾಣ್ತಿಲ್ಲ. ಎಲ್ಲಿ ಹೋತು?"

ಅಳಿಸಿದ 407 ಅದೇ ಎಂದು ಹೊಳೆದು ಸದ್ಯೋಜಾತಪ್ಪ ತುತ್ತನ್ನು ತಟ್ಟೆಗೇ ಹಾಕಿದರು. ಇಷ್ಟು ವರ್ಷ ಹಂಬಲಿಸಿದ ಆ ಒಬ್ಬ ಓದುಗರು ಎದುರಿಗೇ ನಿಂತಿದ್ದರು.

"ಮತ್ತೆ ಬರೀತೀನಿ ಇರು," ಎಂದು ಕೈ ತೊಳೆದು ಆಗಲೇ ಕೂತರು. ಆ ಬಿಸಿಲು, ಆ ನಗು ಎಲ್ಲ ನೆನಪಿತ್ತು. ಬರೆಯಲು ಹೋದರೆ ಮಾತ್ರ ಕೈ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಹೆಂಡತಿಯನ್ನು ಕರೆದು ಪರದೆಯ ಮುಂದೆ ಕೂರಿಸಿದರು.

'ಪಾದರಕ್ಷೆಗಳ ಬಾಳಿಕೆಯ ಕುರಿತು ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು' ಎಂದು ಮೊದಲ ಸಾಲಿತ್ತು. ಹಾಲಮ್ಮ ಪ್ರೀತಿಯಿಂದಲೇ ಓದತೊಡಗಿದರು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅವರ ಕಣ್ಣು ಪಕ್ಕಕ್ಕೆ ಸರಿಯಿತು.

"ರೀ, ಈ ಕುಕ್ಕರ್ ಚೆನ್ನಾಗೈತೆ ಕಣ್ರಿ," ಎಂದರು.