ಇನ್ನೂರ ಹತ್ತೊಂಬತ್ತನೆಯ ವರ್ಷದ ನಾಣ್ಯ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತು ಬಿಟ್ಟಿರದ ಕಾಲದಲ್ಲಿ, ರಜತಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಪೇಟೆಯಲ್ಲಿ ಸಾಂತವ್ವ ಎಂಬ ಚಿನಿವಾರರ ಹುಡುಗಿ ಅಂಗಡಿ ಇಟ್ಟುಕೊಂಡಿದ್ದಳು. ಬೆಳ್ಳಿ ನಾಣ್ಯ ಸಾಚಾನೋ ಖೋಟಾನೋ ನೋಡಿ ಹೇಳುವುದು ಅವಳ ಕಸುಬು. ಅಪ್ಪ ಅಮ್ಮ ಇರಲಿಲ್ಲ. ಇದ್ದವನು ಒಬ್ಬನೇ ಅಣ್ಣ, ಭರಮಣ್ಣ. ಅವನು ಹುಟ್ಟಿದ್ದು ರಾಜ್ಯ ಕಟ್ಟಿದ ಇನ್ನೂರ ಹತ್ತೊಂಬತ್ತನೆಯ ವರ್ಷ. ಆ ವರ್ಷ ಸಿಡುಬು ಬಂದು, ಹುಟ್ಟಿದ ಕೂಸುಗಳಲ್ಲಿ ಉಳಿದದ್ದು ಅವನೊಬ್ಬನೇ.

ಚಿನಿವಾರರಲ್ಲಿ ಒಂದು ಪದ್ಧತಿಯಿತ್ತು. ಕೊಳೆ ಹಿಡಿದ ನಾಣ್ಯವನ್ನು ತಕ್ಕಡಿಗೆ ಹಾಕುತ್ತಿರಲಿಲ್ಲ, ಕೊಳೆಗೂ ತೂಕ ಇರುತ್ತದಲ್ಲ! ಮೊದಲು ಸೋಸಿದ ಬೂದಿ ಹಾಕಿ ತಿಕ್ಕಬೇಕು. ಸಾಂತವ್ವ ತಿಕ್ಕಿದ ಬೆಳ್ಳಿಯಲ್ಲಿ ಮುಖ ನೋಡಿ ಕುಂಕುಮ ಇಟ್ಟುಕೊಳ್ಳಬಹುದಿತ್ತು. ಪೇಟೆಯವರು ಹೊಗಳುತ್ತಿದ್ದರು, ಅವಳು ಹಿಗ್ಗುತ್ತಿದ್ದಳು. ಹಿಗ್ಗಬಾರದಿತ್ತು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಕೆಲಸ ಚೆನ್ನಾಗಿ ಮಾಡಿದವರು ಹಿಗ್ಗದೆ ಇನ್ನಾರು ಹಿಗ್ಗಬೇಕು?

ಊರಾಚೆಯ ಕರೀಬೆಟ್ಟದಲ್ಲಿ ಧೂಮಕೇಶ ಎಂಬ ಮಾಟಗಾರನಿದ್ದ. ಅವನ ಆಳುಗಳು ಸಂತೆಗೆ ಬಂದು ತುಪ್ಪ, ಅಕ್ಕಿ, ಆಡು ಕೊಂಡು ಬೆಳ್ಳಿ ನಾಣ್ಯ ಕೊಟ್ಟು ಹೋಗುತ್ತಿದ್ದರು. ಆ ನಾಣ್ಯಗಳ ಮೇಲೆ ರಾಜನ ಮುಖವಿಲ್ಲ, ಬರೀ ಒಂದು ವರ್ಷ. ಬೆಳ್ಳಿ ಚೊಕ್ಕವಾಗಿತ್ತು, ಯಾರೂ ತಕರಾರು ಮಾಡಲಿಲ್ಲ. ಭರಮಣ್ಣನಿಗೆ ಮಾತ್ರ ಅನುಮಾನ ಬಂತು. ಇವನ್ನು ಅಚ್ಚು ಹಾಕಿದ್ದು ಯಾವ ಟಂಕಸಾಲೆಯಲ್ಲಿ ಎಂದು ಕೇಳಿ ಬರುತ್ತೇನೆಂದು ಬೆಟ್ಟ ಹತ್ತಿದ. ಹತ್ತಿದವನು ಇಳಿಯಲಿಲ್ಲ.

ನಾಲ್ಕು ವರ್ಷ ಕಳೆಯಿತು. ಚಿನಿವಾರರು ತೂಕ ನೋಡುತ್ತಾರೆ, ವರ್ಷ ಓದುವ ಗೋಜಿಗೆ ಯಾರು ಹೋಗುತ್ತಾರೆ? ಆದರೆ ಒಂದು ಮಧ್ಯಾಹ್ನ ಗಿರಾಕಿಯಿಲ್ಲದೆ ಬೇಸರವಾಗಿ, ಸಾಂತವ್ವ ಅಂಗೈ ಮೇಲಿದ್ದ ನಾಣ್ಯ ನೋಡಿ "ನೂರ ತೊಂಬತ್ತೆಂಟು" ಎಂದಳು. ಅಂಗೈ ಖಾಲಿಯಾಯಿತು. ಎದುರಿಗೆ ಒಬ್ಬ ಮುದುಕ ಕುಂಬಾರ ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದ.

ಕುಂಬಾರ ನೀರು ಕುಡಿದು ಎಲ್ಲ ಹೇಳಿದ. ಧೂಮಕೇಶ ತನಗೆ ಆಗದವರನ್ನೆಲ್ಲ ಬೆಳ್ಳಿ ಮಾಡುತ್ತಾನೆ, ಹುಟ್ಟಿದ ವರ್ಷ ಮಾತ್ರ ಅವರ ಮೈಮೇಲೆ ಉಳಿಯುತ್ತದೆ. ಅಂಗೈ ಮೇಲಿಟ್ಟು ಸರಿಯಾದ ವರ್ಷ ಕರೆದರೆ ಎದ್ದು ಬರುತ್ತಾರೆ. ತಪ್ಪು ವರ್ಷ ಕರೆದರೆ ಅವರು ಎಂದೆಂದಿಗೂ ಬೆಳ್ಳಿಯೇ. ಅವನು ತನ್ನ ಹತ್ತಿರವೇ ಇಟ್ಟುಕೊಂಡ ಮೂರು ನಾಣ್ಯಗಳಲ್ಲಿ ಅವನ ಪ್ರಾಣವಿದೆ. ಆ ಮೂರನ್ನೂ ಓದಲಾಗದ ಹಾಗೆ ಸವೆಸಿಟ್ಟಿದ್ದಾನೆ. ಅವನ್ನು ಓದಿದವರ ಕೈಯಲ್ಲಿ ಅವನ ಸಾವು, ಓದಲಾಗದವರೂ ಬೆಳ್ಳಿಯಾಗುತ್ತಾರೆ.

ಊರಿಗೆ ಊರೇ ದಂಗಾಯಿತು. ಅಯ್ಯೋ, ನೆರೆಯವರನ್ನು ಕೊಟ್ಟು ಉಪ್ಪು ತಂದೆವಲ್ಲ, ಸೀರೆ ತಂದೆವಲ್ಲ ಎಂದು ಎಲ್ಲರೂ ಗಂಟು ಬಿಚ್ಚಿ ಸಾಂತವ್ವನ ಮುಂದೆ ಸುರಿದರು. ಅವಳು ಒಂದೊಂದನ್ನೂ ಹೊರಳಿಸಿ ಇನ್ನೂರ ಹತ್ತೊಂಬತ್ತನ್ನು ಹುಡುಕಿದಳು. ಇನ್ನೂರ ಹದಿನೆಂಟು ಸಿಕ್ಕಿತು, ಇನ್ನೂರ ಇಪ್ಪತ್ತು ಸಿಕ್ಕಿತು. ಅಣ್ಣ ಸಿಗಲಿಲ್ಲ. ಹಾಗಾದರೆ ಬೆಟ್ಟದಲ್ಲೇ ಇದ್ದಾನೆ ಎಂದುಕೊಂಡು, ವರ್ಷ ಕಂಡವರನ್ನು ಕರೆದು ಎಬ್ಬಿಸಿ ಎಂದು ಊರವರಿಗೆ ಹೇಳಿ, ಸವೆದವನ್ನು ಬಂದು ಓದುತ್ತೇನೆಂದು ಅಂಗಡಿಯಲ್ಲೇ ಬಿಟ್ಟು, ಬುತ್ತಿ ಕಟ್ಟಿಕೊಂಡು ಹೊರಟಳು.

ಬೆಟ್ಟದ ಮೇಲೆ ಧೂಮಕೇಶನ ಮನೆಗೆ ಮೂರು ಬಾಗಿಲು. ಮೊದಲನೆಯ ಬಾಗಿಲಲ್ಲಿ ಮೂರು ಕಣ್ಣಿನ ಹುಲಿ ಕೂತಿತ್ತು. ಅದರ ನಾಲಗೆಯ ಮೇಲೆ ಒಂದು ನಾಣ್ಯ. ಸಾಂತವ್ವ ಅದನ್ನು ತೆಗೆದು ಎಳೆಬಿಸಿಲಿಗೆ ಓರೆಯಾಗಿ ಹಿಡಿದಳು. ನೇರ ಬೆಳಕಿಗೆ ಕಾಣದ್ದು ಓರೆ ಬೆಳಕಿಗೆ ನೆರಳು ಕೊಡುತ್ತದೆ. "ನೂರ ಎಪ್ಪತ್ತೊಂದು" ಎಂದಳು. ಒಬ್ಬ ಅಂಬಿಗ ಎದ್ದು ನಿಂತ, ಹುಲಿ ಹೊಗೆಯಾಯಿತು.

ಎರಡನೆಯ ಬಾಗಿಲಲ್ಲಿ ಕಂಚಿನ ಹಾವು. ಅದರ ಹೆಡೆಯ ಮೇಲೆ ಇನ್ನೊಂದು ನಾಣ್ಯ. ಓರೆ ಹಿಡಿದರೂ ಏನೂ ಕಾಣಲಿಲ್ಲ. ಅವಳು ಬಾಯಿ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟಳು. ಮಂಜು ಕಟ್ಟಿ, ಆರುವಾಗ ಅಂಕಿ ಇದ್ದ ಕಡೆ ತಡವಾಗಿ ಆರಿತು. "ನೂರ ಎಂಬತ್ತು" ಎಂದಳು. ಒಬ್ಬ ಸೂಲಗಿತ್ತಿ ಎದ್ದು ನಿಂತಳು, ಹಾವು ಹೊಗೆಯಾಯಿತು.

ಮೂರನೆಯ ಬಾಗಿಲಲ್ಲಿ ಧೂಮಕೇಶನೇ ಕೂತಿದ್ದ. ಅಂಗೈ ಚಾಚಿ ಮೂರನೆಯದನ್ನು ಕೊಟ್ಟ. ಸಾಂತವ್ವ ಓರೆ ಹಿಡಿದಳು, ಉಸಿರು ಬಿಟ್ಟಳು. ಇನ್ನೂರ ಹತ್ತರವರೆಗೆ ಮಸುಕಾಗಿ ಕಂಡಿತು. ಕೊನೆಯ ಅಂಕಿ ಆರೋ ಒಂಬತ್ತೋ! ಎರಡಕ್ಕೂ ಬಾಲದಲ್ಲಷ್ಟೇ ವ್ಯತ್ಯಾಸ, ಸವೆದಿದ್ದುದು ಆ ಬಾಲವೇ.

"ಇವನೇ ನಿನ್ನ ಅಣ್ಣ. ಕರಿ, ಬರ್ತಾನೆ" ಎಂದ ಧೂಮಕೇಶ.

ಕರೆಯಲು ನಾಲಗೆ ತುದಿಯವರೆಗೂ ಬಂದಿತ್ತು. ಆದರೆ ಅವಳು ಕಸುಬಿನವಳು. ಆಸೆಯ ಮೇಲೆ ಓದಬಾರದು ಎಂದು ಬುತ್ತಿಗಂಟಿನಲ್ಲಿ ತಂದಿದ್ದ ಕಬ್ಬಿಣದ ಕಾವಲಿ ತೆಗೆದು, ಬೆಂಕಿ ಮಾಡಿ, ನಾಣ್ಯವನ್ನು ಅದರ ಮೇಲಿಟ್ಟಳು. ಅಚ್ಚು ಬಿದ್ದ ಕಡೆ ಬೆಳ್ಳಿ ಒಳಗೊಳಗೇ ಬಿಗಿದಿರುತ್ತದೆ. ಮೇಲೆ ಸವೆದರೂ, ಕಾಸಿದಾಗ ಅಷ್ಟು ಜಾಗ ಬೇರೆ ಬಣ್ಣಕ್ಕೆ ತಿರುಗುತ್ತದೆ. ತಿರುಗಿತು. ಆರು.

ಸಾಂತವ್ವ ಅತ್ತುಕೊಂಡೇ "ಇನ್ನೂರ ಹದಿನಾರು" ಎಂದಳು. ಯಾರದೋ ಮನೆಯ ಸೊಸೆ, ಹೂ ಮುಡಿದವಳು, ಎದ್ದು ನಿಂತಳು. ಧೂಮಕೇಶನ ಕಾಲು ಹೊಗೆಯಾಯಿತು, ಸೊಂಟ ಹೊಗೆಯಾಯಿತು. ಬಾಯಿ ಮಾತ್ರ ಉಳಿದಿದ್ದಾಗ ಅವನು ಹೇಳಿದ: "ನಿನ್ನ ಅಣ್ಣ ನನ್ನ ಹತ್ತಿರ ಇಲ್ಲ ಹುಡುಗೀ. ಅವನನ್ನ ಅವತ್ತೇ ಸಂತೆಗೆ ಕಳಿಸಿದೆ. ತಿರುಗಿ ತಿರುಗಿ ಸವೆದು ನಿನ್ನ ಅಂಗಡಿಗೇ ಬಂದಿದ್ದ. ಅಂಕಿಯ ಸಂದಿಯಲ್ಲಿದ್ದ ಕಪ್ಪಿನಲ್ಲೇ ಅವನ ವರ್ಷ ಉಳಿದಿತ್ತು. ನೀನು ಬೂದಿ ಹಾಕಿ ತಿಕ್ಕಿದೆ."

ಸಾಂತವ್ವ ಊರಿಗೆ ಇಳಿದು ಬರುವಷ್ಟರಲ್ಲಿ ಬೀದಿ ತುಂಬ ಜನ. ಮೈಮೇಲೆ ವರ್ಷ ಉಳಿದಿದ್ದ ಬೆಳ್ಳಿಯೆಲ್ಲ ಮನುಷ್ಯರಾಗಿ ಎದ್ದಿತ್ತು. ಮಕ್ಕಳು ತಾಯಂದಿರನ್ನು ತಬ್ಬಿಕೊಂಡಿದ್ದರು. ಅವಳ ಅಂಗಡಿಯಲ್ಲಿ ಮಾತ್ರ ಮೂವತ್ತೊಂಬತ್ತು ನಾಣ್ಯಗಳು ಏಳದೆ ಬಿದ್ದಿದ್ದವು, ಫಳಫಳ ಹೊಳೆಯುತ್ತ. ಓರೆ ಹಿಡಿದಳು, ಉಸಿರು ಬಿಟ್ಟಳು, ಕಾಸಿದಳು. ಒಳಗಿನ ಬಿಗಿಯೂ ಹೋಗುವ ಹಾಗೆ ತಿಕ್ಕಿದ್ದಳು, ಪಾಪ. ಮಾಟಗಾರ ಸತ್ತರೂ ಮಾಟದ ಕಟ್ಟಳೆ ಸತ್ತಿರಲಿಲ್ಲ.

ಅವಳದ್ದು ಬಿಟ್ಟು ಉಳಿದ ಮೂವತ್ತೆಂಟು ಮನೆಯವರು ಬಂದರು. ತಿಕ್ಕಿದ್ದು ತಾನೇ ಎಂದು ಸಾಂತವ್ವ ಮುಚ್ಚಿಡದೆ ಹೇಳಿದಳು. ಯಾರೂ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ತಮ್ಮವರ ವರ್ಷ ಪ್ರತಿಯೊಬ್ಬರಿಗೂ ಗೊತ್ತು. ತಮ್ಮವರು ಯಾವ ನಾಣ್ಯ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಸಾಂತವ್ವನಿಗೆ ಒಂದು ನಾಣ್ಯದ ಮೇಲೆ ಮನಸ್ಸು ನಿಂತಿತು. ಇದೇ ಅಣ್ಣ, ಇದೇ, ಎಂದು ಅಂಗೈ ಮೇಲಿಟ್ಟುಕೊಂಡು ಬಾಯಿ ತೆರೆದಳು. ಮಗಳನ್ನು ಕಳೆದುಕೊಂಡ ದ್ಯಾಮವ್ವ ಎಂಬ ಮುದುಕಿ ಪಕ್ಕದಲ್ಲೇ ಕೂತಿದ್ದಳು.

"ಅದು ನನ್ನ ಮಗಳಿರಬಹುದಾ, ತಾಯೀ?"

ಸಾಂತವ್ವ ತೆರೆದ ಬಾಯಿ ಮುಚ್ಚಿದಳು. "ಇರಬಹುದು ಅಜ್ಜೀ" ಎಂದು ನಾಣ್ಯವನ್ನು ಕೆಳಗಿಟ್ಟಳು.

ಆಮೇಲೆ ರಜತಾವತಿಯಲ್ಲಿ ಯಾರೂ ಬೆಳ್ಳಿಯಾಗಲಿಲ್ಲ. ಸಂತೆ ತುಂಬಿತು, ಮದುವೆಗಳಾದವು, ಜನ ಸುಖವಾಗಿ ಬಾಳಿದರು. ಸಾಂತವ್ವ ಆ ಮೂವತ್ತೊಂಬತ್ತನ್ನೂ ಹತ್ತಿಯಲ್ಲಿ ಸುತ್ತಿಟ್ಟು ಕಾಯ್ದಳು. ಅವಳ ಅಂಗಡಿಯ ಮುಂದೆ ವೀಳ್ಯದೆಲೆ ಮಾರುವವರು ಎಲೆ ಎಣಿಸುವಾಗ, ಇನ್ನೂರ ಹದಿನೆಂಟು ಎಂದು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಒಂದು ಎಲೆಯನ್ನು ಮಾತಿಲ್ಲದೆ ಇಟ್ಟು, ಇನ್ನೂರ ಇಪ್ಪತ್ತು ಎಂದು ಮುಂದುವರಿಸುತ್ತಿದ್ದರು.