ಕಾಣದಿದ್ದರೆ ಮತ್ತೆ ಬನ್ನಿ

ಸ್ತೈನಾರ್ ನನಗೆ ಪರಿಚಯವಾದದ್ದು ನನ್ನ ಬೂಟಿನ ಮೇಲೆ ವಾಂತಿ ಮಾಡಿಕೊಂಡು. ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ, ತಿಮಿಂಗಿಲ ನೋಡುವ ನಮ್ಮ ದೋಣಿ ಹೂಸಾವಿಕ್ ಬಂದರು ಬಿಟ್ಟು ಸ್ವಲ್ಪ ಹೊತ್ತಾಗಿತ್ತಷ್ಟೆ.

"ಕ್ಷಮಿಸಿ," ಎಂದ, ಕಂಬಿ ಹಿಡಿದುಕೊಂಡು. "ನಾನು ಕುರಿ ಸಾಕೋನು. ನಮ್ಮ ಕಣಿವೇಲಿ ನೆಲ ಅಲ್ಲಾಡಲ್ಲ."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ?"

"ಅಕ್ಕ ಟಿಕೆಟ್ ಕೊಡಿಸಿದ್ಳು. ನಲವತ್ತಾಯ್ತು, ಕುರಿ ಮುಖ ಬಿಟ್ಟು ಬೇರೆ ಮುಖ ನೋಡು ಅಂತ."

ಹೇಳಿ ನನ್ನ ಮುಖವನ್ನೇ ನೋಡಿದ. ತುಟಿ ಬಿಳಿಚಿಕೊಂಡಿದ್ದರೂ ಕಣ್ಣು ನಗುತ್ತಿತ್ತು. ನಾನು ಬಕೆಟ್ ತಂದುಕೊಟ್ಟೆ.

ಅಂದು ತಿಮಿಂಗಿಲ ಕಾಣಲಿಲ್ಲ. ಕಾಣದಿದ್ದರೆ ಅದೇ ಟಿಕೆಟಿನಲ್ಲಿ ಮತ್ತೆ ಬರಬಹುದು, ಅದು ನಮ್ಮ ದೋಣಿಯ ನಿಯಮ. ವಾಂತಿ ಮಾಡಿಕೊಂಡವರು ಸಾಮಾನ್ಯವಾಗಿ ಈ ಕಡೆ ತಲೆ ಹಾಕುವುದಿಲ್ಲ. ಇವನು ಮರುವಾರವೇ ಬಂದ.

ಆ ದಿನ ಮಂಜು ಕವಿದು ಏನೂ ಕಾಣಲಿಲ್ಲ. ವಾಪಸ್ ಬರುವಾಗ ಎಲ್ಲರಿಗೂ ಕೋಕೋ, ದಾಲ್ಚಿನ್ನಿ ಬನ್ ಹಂಚಿದೆ. ಅವನು ಬನ್ನಿನ ಅರ್ಧ ಮುರಿದು ನನಗೇ ಕೊಟ್ಟ. "ಪೂರ್ತಿ ತಿಂದ್ರೆ ನಿಮ್ಮ ಬೂಟಿಗೇ ಅಪಾಯ." ಮೂಗಿನಿಂದಲೇ ಗೇಟಿನ ಚಿಲಕ ತೆಗೆಯುವ ಒಂದು ಹೆಣ್ಣುಕುರಿಯ ಕಥೆ ಹೇಳಿದ. ರಾತ್ರಿ ಪಾತ್ರೆ ತೊಳೆಯುವಾಗ ಅದು ನೆನಪಾಗಿ ಒಬ್ಬಳೇ ನಕ್ಕೆ. ಅವನ ಮೇಲೆ ನನಗೆ ಮನಸ್ಸಾಗಿತ್ತು, ಮುಚ್ಚುಮರೆ ಯಾಕೆ?

ಆದರೆ ಅವನು ದೋಣಿ ಹತ್ತಿದ ಕೂಡಲೇ ಕೇಳುತ್ತಿದ್ದದ್ದು ಒಂದೇ ಮಾತು: "ಇವತ್ತು ಕಾಣತ್ತಾ?" ಅವನಿಗೆ ಬೇಕಾದದ್ದು ತಿಮಿಂಗಿಲ ಎಂದುಕೊಂಡೆ.

ಮೂರನೇ ಸಲ ಬಂದಾಗ ಕೊಲ್ಲಿ ಎಣ್ಣೆ ಹೊಯ್ದ ಹಾಗೆ ಸುಮ್ಮನಿತ್ತು. ದೋಣಿ ನಡೆಸುವ ನನ್ನ ಚಿಕ್ಕಪ್ಪ ಹಾಲ್ದೋರ್ ಕಿಟಕಿಯಿಂದ ಕೂಗಿದ. "ಯೋರುನ್, ನಿನ್ನ ಕುರಿಯವನು ಬಂದ ನೋಡು. ಬಕೆಟ್ ತೊಳೆದಿಟ್ಟಿದ್ದೀಯಾ?"

"ಚಿಕ್ಕಪ್ಪ, ಬಾಯ್ಮುಚ್ಕೊಂಡು ದೋಣಿ ನಡೆಸು."

ಅಂಥ ನೀರಿನಲ್ಲೂ ಸ್ತೈನಾರ್‌ಗೆ ಬಕೆಟ್ ಬೇಕಾಯಿತು. ಆಮೇಲೆ ಬಲಗಡೆಯ ಕಂಬಿಗೆ ಒರಗಿ ನನ್ನ ಪಕ್ಕ ನಿಂತ. ಉಳಿದವರೆಲ್ಲ ಎಡಗಡೆ ಹಕ್ಕಿಗಳನ್ನು ನೋಡುತ್ತಿದ್ದರು.

ದೋಣಿಯ ಮೂತಿ ಹನ್ನೆರಡು ಗಂಟೆ. ಗಡಿಯಾರದ ಹಾಗೆ ದಿಕ್ಕು ಲೆಕ್ಕ ಹಾಕಿ, ತಿಮಿಂಗಿಲದ ಉಸಿರು ಎಲ್ಲಿ ಕಂಡಿತೆಂದು ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಡ ಮಾಡಿದವಳಲ್ಲ.

ಸರಿಯಾಗಿ ಮೂರು ಗಂಟೆಯ ಕಡೆ, ನಮ್ಮಿಬ್ಬರ ಎದುರಿಗೇ, ಬಿಳಿ ಉಸಿರು ಎದ್ದಿತು. ನಾನು ಕಂಡೆ. ಕೂಗಿದರೆ ಟಿಕೆಟ್ ಮುಗಿಯಿತು. ಅವನು ಕಣಿವೆಗೆ ಹೋದರೆ ಮತ್ತೆ ಈ ಕಡೆ ಬರಲು ಕಾರಣವೇ ಇಲ್ಲ. ಮೈಕು ಕೈಯಲ್ಲಿತ್ತು, ಕೂಗಲು ಬಾಯಿ ಬರಲಿಲ್ಲ.

ಅವನೂ ಕಂಡಿದ್ದ. ನೀರನ್ನು ನೋಡಿದ, ನನ್ನನ್ನು ನೋಡಿದ, ಮೈಕನ್ನು ನೋಡಿದ. ನನ್ನ ಕಿವಿ ಬಿಸಿಯಾಯಿತು.

"ಮೂರು ಗಂಟೆ ಕಡೆ!" ಎಂದು ಅವನೇ ಕೂಗಿಬಿಟ್ಟ. "ಎಲ್ಲರೂ ಈ ಕಡೆ ಬನ್ನಿ!"

ಜನ ಓಡಿಬಂದರು. ಕಪ್ಪು ಬೆನ್ನು ಬಾಗಿತು, ಬಾಲ ನೀರು ಸುರಿಸುತ್ತ ನಿಧಾನವಾಗಿ ಮೇಲೆದ್ದು ಮುಳುಗಿತು. ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಮೈಕಿನಲ್ಲಿ ನಾನು ಏನು ಹೇಳಿದೆನೋ ನನಗೇ ಗೊತ್ತಿಲ್ಲ. ಸ್ವಲ್ಪ ಹೊತ್ತು ಸುಮ್ಮನಿರಲು ಇವನಿಗೇನಾಗಿತ್ತು ಎಂದು ಅಳು ಬರುವಷ್ಟು ಸಿಟ್ಟು ಬಂದಿತ್ತು.

ವಾಪಸಾಗುವಾಗ ಮುಖ ನೋಡದೆ ಅವನಿಗೆ ಬನ್ ಕೊಟ್ಟೆ. "ಅಂತೂ ನೋಡಿದ್ರಲ್ಲ. ಅಕ್ಕನಿಗೆ ಹೇಳಿ."

"ನೀವ್ಯಾಕೆ ಕೂಗಲಿಲ್ಲ?"

"ಗಂಟಲು ಕಟ್ಟಿತ್ತು."

"ಸುಳ್ಳು."

"ಸರಿ, ಸುಳ್ಳು. ನಿಮಗೆ ಕೂಗೋಕೆ ಏನು ಅವಸರ ಇತ್ತು?"

ಅವನು ಕೋಕೋ ಕಪ್ ಕೆಳಗಿಟ್ಟ. "ಯೋರುನ್, ತಿಮಿಂಗಿಲ ಕಾಣದಿದ್ರೆ ನಾಲ್ಕನೇ ಸಲವೂ ಬರ್ತಿದ್ದೆ, ಐದನೇ ಸಲವೂ ಬರ್ತಿದ್ದೆ. ಇವತ್ತು ಕಾಣತ್ತಾ ಅಂತ ಹೆದರ್ಕೊಂಡೇ ಕೇಳ್ತಿದ್ದೆ. ನೀವು ಬಾಯಿ ಬಿಡದೆ ನಿಂತ್ರಲ್ಲ, ಆಗ ಧೈರ್ಯ ಬಂತು. ಇನ್ನು ಟಿಕೆಟಿನ ನೆಪ ಬೇಡ ಅನ್ನಿಸ್ತು. ನನ್ನ ಹೊಟ್ಟೇಲೂ ಇನ್ನೇನೂ ಉಳಿದಿಲ್ಲ."

ನನಗೆ ನಗುವೂ ಬಂತು, ಕಣ್ಣೂ ತುಂಬಿತು.

"ಶನಿವಾರ ಬೆಟ್ಟದಿಂದ ಕುರಿ ಇಳಿಸ್ತೀವಿ," ಎಂದ. "ಕಣಿವೆಯೋರೆಲ್ಲ ಸೇರ್ತಾರೆ. ದೊಡ್ಡೀಲಿ ನಿಂತು ಅವರವರ ಕುರಿ ಆರಿಸ್ಕೋಬೇಕು, ಆಮೇಲೆ ಹಾಡು, ಊಟ. ಬರ್ತೀರಾ?"

"ನನಗೆ ಕುರಿ ಅಂದ್ರೆ ಭಯ."

"ಬಕೆಟ್ ಇಟ್ಟಿರ್ತೀನಿ."

"ಬಂದು, ನಿಮ್ಮ ಚಿಲಕ ತೆಗೆಯೋ ಕುರಿ ಕಾಣದೇ ಹೋದ್ರೆ?"

"ಕಾಣದಿದ್ರೆ ಮತ್ತೆ ಬನ್ನಿ."

"ಕಂಡ್ರೆ?"

ಅವನು ಬನ್ನನ್ನು ನನ್ನ ಕಡೆ ಚಾಚಿದ. "ಕಂಡ್ರೆ ವಾಪಸ್ ಹೋಗೋದೇ ಬೇಡ."

ನಾನು ಅವನ ಬನ್ನಿನ ಅರ್ಧ ಮುರಿದುಕೊಂಡೆ. ಬಂದರು ಹತ್ತಿರವಾಗುತ್ತಿತ್ತು. ಚಿಕ್ಕಪ್ಪ ಕಿಟಕಿಯಿಂದ ನಮ್ಮನ್ನೊಮ್ಮೆ ನೋಡಿ, ನೀರಿನ ಮೇಲೆ ನಮಗೆ ಇನ್ನಷ್ಟು ಹೊತ್ತು ಸಿಗಲಿ ಎಂದೇನೋ, ದೋಣಿಯ ವೇಗ ಕಡಿಮೆ ಮಾಡಿದ. ಪಾಪ, ಸ್ತೈನಾರ್‌ನ ಹೊಟ್ಟೆಯ ಯೋಚನೆ ಅವನಿಗೆ ಬರಲಿಲ್ಲ.